ಪರ್ಯಾಯ ಲೋಕದ ಕಥೆಯಲ್ಲಿ ಸೂಪರ್‌ಹೀರೋನನ್ನು ಎಷ್ಟರಮಟ್ಟಿಗೆ ಬದಲಿಸಬಹುದು?

ಹಳೇಪುಟ:
1989ರ 'ಗಾಥಮ್ ಬೈ ಗ್ಯಾಸ್‌ಲೈಟ್' ಕಾಮಿಕ್ಸ್ ಓದಿ ಮುಗಿಸಿದೆ. ಹತ್ತೊಂಬತ್ತನೆಯ ಶತಮಾನದ ಗಾಥಮ್ ನಗರದಲ್ಲಿ ಬ್ಯಾಟ್‌ಮ್ಯಾನ್ ಲಂಡನ್ನಿನ ಕುಖ್ಯಾತ ಸರಣಿ ಹಂತಕ ಜ್ಯಾಕ್ ದ ರಿಪ್ಪರ್‌ನ ಬೆನ್ನು ಹತ್ತುತ್ತಾನೆ. ಚಿತ್ರಕಾರ ಮೈಕ್ ಮಿನ್ಯೋಲಾ ಅವರ ಕಪ್ಪು ನೆರಳುಗಳು ಸೊಗಸಾಗಿವೆ, ಆದರೆ ಬ್ಯಾಟ್‌ಮ್ಯಾನನ ಮುಖವಾಡದ ಹಿಂದಿನ ಬ್ರೂಸ್ ವೇಯ್ನ್ ಮಾತ್ರ ನಾವು ಬಲ್ಲ ಬ್ರೂಸ್ ವೇಯ್ನನೇ. ನಾಯಕನ ಬದುಕನ್ನೇ ಬುಡಮೇಲು ಮಾಡಿಯೂ ಅವನ ಗುರುತನ್ನು ಉಳಿಸಿಕೊಂಡ ಕೃತಿ ಯಾವುದಾದರೂ ಇದೆಯೇ?

ಮಸಿಕುಡಿಕೆ:
ಮಾರ್ಕ್ ಮಿಲ್ಲರ್ ಬರೆದು 2003ರಲ್ಲಿ ಮೂರು ಸಂಚಿಕೆಗಳಾಗಿ ಬಂದ 'ಸೂಪರ್‌ಮ್ಯಾನ್: ರೆಡ್ ಸನ್' ಓದಿ. ಅದರಲ್ಲಿ ಮೂಲತಃ ಬದಲಾಗಿರುವುದು ಒಂದೇ ಸಂಗತಿ: ಮಗು ಸೂಪರ್‌ಮ್ಯಾನನನ್ನು ಹೊತ್ತ ನೌಕೆ ಅಮೆರಿಕದ ಕಾನ್ಸಾಸ್‌ಗೆ ಬದಲು ಸೋವಿಯತ್ ಉಕ್ರೇನಿನ ಸಾಮೂಹಿಕ ಕೃಷಿ ಕ್ಷೇತ್ರದಲ್ಲಿ ಇಳಿಯುತ್ತದೆ. ಎದೆಯ ಮೇಲೆ ಸುತ್ತಿಗೆ-ಕುಡುಗೋಲು ಬರುತ್ತದೆ, ಅವನ ಬದ್ಧವೈರಿ ಲೆಕ್ಸ್ ಲೂಥರ್ ಅಮೆರಿಕದ ಆಶಾಕಿರಣವಾಗುತ್ತಾನೆ, ಬ್ಯಾಟ್‌ಮ್ಯಾನ್ ಪ್ರಭುತ್ವದ ವಿರುದ್ಧ ಬಂಡೇಳುತ್ತಾನೆ. ಕಷ್ಟದಲ್ಲಿರುವವರನ್ನು ಕಾಪಾಡಲೇಬೇಕೆಂಬ ಸೂಪರ್‌ಮ್ಯಾನನ ಹಂಬಲ ಇಲ್ಲಿಯೂ ಹಾಗೆಯೇ ಇದೆ. ಭಯ ಹುಟ್ಟಿಸುವುದು ಅದೇ. ಯಾರಿಗೂ ಅಪಾಯವಾಗದಂತೆ ನೋಡಿಕೊಳ್ಳಲು ಹೊರಟವನು ಕೊನೆಗೆ ಯಾರಿಗೂ ಸ್ವಾತಂತ್ರ್ಯವಿಲ್ಲದ ಲೋಕವನ್ನು ಕಟ್ಟುತ್ತಾನೆ, ಅದೂ ಒಳ್ಳೆಯ ಮನಸ್ಸಿನಿಂದಲೇ.

ಗುಜರಿಕಾಮಿಕ್ಸ್:
ನಾಯಕನೇ ಬದಲಾಗಬೇಕೆಂಬ ಹಟವೇಕೆ? ಸೂಪರ್‌ಮ್ಯಾನ್ ಸಾಯುವುದಿಲ್ಲವೆಂಬುದು ಮಾಸಿಕ ಕಾಮಿಕ್ಸ್‌ನ ಅಲಿಖಿತ ಕರಾರು. ಅದನ್ನು ಮುರಿಯಲೆಂದೇ ಪ್ರಕಾಶಕರಾದ ಡಿಸಿಯವರು 'ಕಾಲ್ಪನಿಕ ಕಥೆ' ಎಂಬ ಹಣೆಪಟ್ಟಿಯನ್ನು ಬಳಸುತ್ತಿದ್ದರು (ಉಳಿದವೆಲ್ಲ ನಿಜವೋ ಎಂಬಂತೆ!). 1961ರಲ್ಲಿ ಜೆರ್ರಿ ಸೀಗೆಲ್ ಬರೆದ ಅಂಥದೊಂದು ಕಥೆಯಲ್ಲಿ ಲೂಥರ್ ಕ್ಯಾನ್ಸರಿಗೆ ಮದ್ದು ಕಂಡುಹಿಡಿದು, ಒಳ್ಳೆಯವನಾದಂತೆ ನಟಿಸಿ, ಸೂಪರ್‌ಮ್ಯಾನನ ವಿಶ್ವಾಸ ಗಳಿಸಿ, ಅವನ ಶಕ್ತಿಯನ್ನು ಹೀರುವ ಕ್ರಿಪ್ಟೊನೈಟ್ ಖನಿಜದಿಂದ ಅವನನ್ನು ಕೊಂದೇಬಿಡುತ್ತಾನೆ. ಸತ್ತವನು ಎದ್ದು ಬರುವುದಿಲ್ಲ. ಇಲ್ಲಿ ನಾಯಕ ಒಂದಿಷ್ಟೂ ಬದಲಾಗಿಲ್ಲ, ಆದರೂ ನನ್ನ ಮಟ್ಟಿಗೆ ಇದು 'ರೆಡ್ ಸನ್'ಗಿಂತ ದಿಟ್ಟ ಕಥೆ.

ಜೇಡರಬಲೆ:
2004ರ 'ಸ್ಪೈಡರ್‌ಮ್ಯಾನ್: ಇಂಡಿಯಾ'ವನ್ನು ಯಾರೂ ಹೆಸರಿಸಲಿಲ್ಲ. ಮೂಲ ಸ್ಪೈಡರ್‌ಮ್ಯಾನ್ ಆದ ಪೀಟರ್ ಪಾರ್ಕರ್ ಬದಲಿಗೆ ಮುಂಬೈಯ ಪವಿತ್ರ ಪ್ರಭಾಕರ್, ಪೀಟರನ ಪ್ರೇಯಸಿ ಮೇರಿ ಜೇನ್ ಬದಲಿಗೆ ಮೀರಾ ಜೈನ್ ಎಂದು ಹೆಸರುಗಳನ್ನು ಜೋಡಿಸಿರುವ ರೀತಿ ಬಾಲಿಶವೆನಿಸುತ್ತದೆ, ಒಪ್ಪುತ್ತೇನೆ. ಆದರೆ ಪೀಟರ್‌ಗೆ ಶಕ್ತಿ ಬಂದದ್ದು ಜೇಡ ಕಚ್ಚಿದ ಆಕಸ್ಮಿಕದಿಂದ. ಪವಿತ್ರನಿಗೆ ಅದನ್ನು ಯೋಗಿಯೊಬ್ಬ ದುಷ್ಟಶಕ್ತಿಯ ವಿರುದ್ಧ ಹೋರಾಡಲೆಂದೇ ಕರುಣಿಸುತ್ತಾನೆ. ಪೀಟರ್ ತನ್ನ ಹೊಣೆಯನ್ನು ಚಿಕ್ಕಪ್ಪನ ಸಾವಿನಿಂದ ತಾನಾಗಿ ಕಲಿಯಬೇಕಾಯಿತು. ಪವಿತ್ರನಿಗಾದರೋ ಶಕ್ತಿಯ ಜೊತೆಗೇ ಕರ್ತವ್ಯವನ್ನೂ ವಹಿಸಲಾಗಿದೆ. ಹಾಗಿದ್ದೂ ಚಿಕ್ಕಪ್ಪ ಭೀಮ್ ಸಾಯುವ ಪ್ರಸಂಗವನ್ನು ಹಾಗೆಯೇ ಉಳಿಸಿಕೊಂಡಿದ್ದರಿಂದ ಒಂದೇ ಪಾಠ ಎರಡು ಸಲ ಬಂದಂತಾಗಿದೆ. ಹಳೇಪುಟ ಅವರು ಕೇಳಿದ ಬದಲಾವಣೆ ಇಲ್ಲಿ ಆಗಿತ್ತು, ಲೇಖಕರು ಅದನ್ನು ಕೊನೆಯವರೆಗೆ ಬೆಳೆಸಲಿಲ್ಲ.