ಒಂದು ದಿನದ ಪ್ರಕೃತಿ ಶಿಬಿರಕ್ಕೆ ಮಕ್ಕಳನ್ನು ಕಳಿಸಿದವರು ಅನುಭವ ಹೇಳಿ

ಪ್ರಶ್ನೆ: ಮಗಳಿಗೆ ಏಳು ವರ್ಷ. ಬೆಂಗಳೂರಿನಿಂದ ಒಂದು ದಿನದ ಶಿಬಿರ, ತಲೆಗೆ 2,200 ರೂಪಾಯಿ. ಕಳಿಸಬಹುದಾ? ನಾವೇ ಕರೆದುಕೊಂಡು ಹೋಗೋದು ವಾಸಿಯಾ?

ಇಬ್ಬರು ಮಕ್ಕಳ ತಾಯಿ: ನಾನು ಇಬ್ಬರಿಗೆ 5,000 ಕೊಟ್ಟೆ. ಬೂಟು, ಟೋಪಿ ಅಂತ ಮೇಲೆ 1,780. ಐದೂವರೆಗೆ ಪಿಕಪ್ ಅಂದರು, ಬಸ್ಸು ಬಂದಿದ್ದು ಏಳಕ್ಕೆ. ನೈಸ್ ರಸ್ತೆ ದಾಟುವ ಮೊದಲೇ ಚಿಕ್ಕವನಿಗೆ ವಾಂತಿ. ಮೂವತ್ತೆಂಟು ಮಕ್ಕಳಿಗೆ ಗೈಡ್ ಒಬ್ಬನೇ. ಮಧ್ಯಾಹ್ನ ರೆಸಾರ್ಟಲ್ಲಿ ರೇನ್ ಡ್ಯಾನ್ಸ್! ದುಡ್ಡು ವಾಪಸ್ ಕೇಳಿ ಕಳಿಸಿದ ಮೆಸೇಜಿಗೆ ಇವತ್ತಿಗೂ ಉತ್ತರ ಇಲ್ಲ.

ಮೈಸೂರಿನ ಅಪ್ಪ: ನಾನಂತೂ ಯಾವ ಶಿಬಿರಕ್ಕೂ ಒಂದು ಪೈಸೆ ಕೊಟ್ಟಿಲ್ಲ. ಜನವರಿಯಲ್ಲಿ ರಂಗನತಿಟ್ಟು, ಬೆಳಗಿನ ಮೊದಲ ದೋಣಿ. ಬಣ್ಣದ ಕೊಕ್ಕರೆ, ಚಮಚ ಕೊಕ್ಕು, ಬಂಡೆ ಮೇಲೆ ಬಾಯಿ ತೆರೆದು ಬಿದ್ದುಕೊಂಡ ಮೊಸಳೆ. ಪಕ್ಷಿತಜ್ಞ ಸಲೀಂ ಅಲಿ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮ ಆದ ಜಾಗ ಅದು. ಅಂಬಿಗರಿಗೆ ಗೊತ್ತಿರೋದರಲ್ಲಿ ಕಾಲು ಭಾಗ ಈ ಗೈಡುಗಳಿಗೆ ಗೊತ್ತಿಲ್ಲ. ಮಳೆಗಾಲದಲ್ಲಿ ಹೋಗಬೇಡಿ, ಕೆಆರ್‌ಎಸ್ ನೀರು ಜಾಸ್ತಿ ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ.

ಇಬ್ಬರು ಮಕ್ಕಳ ತಾಯಿ: ದೋಣಿಯಲ್ಲಿ ಕೂತು ಹಕ್ಕಿ ನೋಡೋಕೆ ಮೃಗಾಲಯ ಸಾಲದಾ? ಕೈಗೆ ಮಣ್ಣು ಹತ್ತಬೇಕು ರೀ.

ಮೈಸೂರಿನ ಅಪ್ಪ: ರೇನ್ ಡ್ಯಾನ್ಸಲ್ಲಿ ಹತ್ತಿತಲ್ಲ ಮೇಡಂ, ಸಾಕು ಬಿಡಿ.

ಸಾಗರದ ಕಡೆಯವಳು: ಮಣ್ಣು ಬೇಕಾದವರು ಮಲೆನಾಡಿಗೆ ಬನ್ನಿ, ಆದರೆ ಚಡ್ಡಿ ಹಾಕಿಸಿಕೊಂಡು ಬರಬೇಡಿ. ಬೆಂಗಳೂರಿಂದ ಬಂದ ಅಣ್ಣನ ಮಗಳ ಕಾಲ್ಬೆರಳ ಸಂದಿಯಲ್ಲಿ ಇಂಬಳ, ಅದೇ ರಕ್ತ ಹೀರುವ ಜಿಗಣೆ, ಹುಣಸೆ ಬೀಜದಷ್ಟು ಊದಿಕೊಂಡಿತ್ತು. ಮಗು ಅತ್ತಿದ್ದಕ್ಕಿಂತ ಅತ್ತಿಗೆ ಅತ್ತಿದ್ದು ಜಾಸ್ತಿ. ಉಪ್ಪು ಹಾಕಿದ ಕೂಡಲೇ ಬಿತ್ತು. ನಿಜವಾಗಿ ಹೆದರಬೇಕಾದ್ದು ಬೇಸಿಗೆಯ ಉಣುಗಿಗೆ, ಅಂದರೆ ಉಣ್ಣಿಗೆ. ಅದು ಕಚ್ಚಿ ಬರುವ ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾಗಿದ್ದು ನಮ್ಮ ಪಕ್ಕದ ಸೊರಬದ ಕ್ಯಾಸನೂರಲ್ಲಿ. ಮಂಗ ಸತ್ತ ಸುದ್ದಿ ಬಂದರೆ ಆ ಕಾಡಿನ ಕಡೆ ತಲೆ ಹಾಕಬೇಡಿ.

ನರ್ಸಮ್ಮ: ಉಪ್ಪು ಹಾಕಬೇಡಿ! ಇಂಬಳ ಕುಡಿದಿದ್ದನ್ನು ಗಾಯಕ್ಕೇ ಕಾರುತ್ತದೆ, ಕೀವಾಗಬಹುದು. ಬಾಯಿಯ ಪಕ್ಕ ಉಗುರು ತೂರಿಸಿ ಮೆಲ್ಲಗೆ ಸರಿಸಿ. ಆಮೇಲೂ ರಕ್ತ ಸೋರುತ್ತದೆ, ಬಟ್ಟೆ ಒತ್ತಿ ಹಿಡಿಯಿರಿ.

ಸಾಗರದ ಕಡೆಯವಳು: ನಮ್ಮಜ್ಜಿ ಸುಣ್ಣ ಹಚ್ಚಿಯೇ ತೊಂಬತ್ತು ದಾಟಿದರು. ನೀವು ತೋಟಕ್ಕೆ ಇಳಿದಿದ್ದೀರಾ ಯಾವತ್ತಾದರೂ?

ನರ್ಸಮ್ಮ: ಇಳಿದಿದ್ದೇನೆ. ತೀರ್ಥಹಳ್ಳಿಯವಳು ನಾನು.