ಸಿ ಪ್ರೋಗ್ರಾಮಿನಿಂದ ಇಮೇಲ್ ವಿಳಾಸ ಪುಸ್ತಕ ತೆರೆಯುವಾಗ ಎದುರಾದ ತೊಂದರೆ

ಪ್ರಶ್ನೆ (ಮಂಡ್ಯ):
ನಮಸ್ಕಾರ. ಮದ್ದೂರು ತಾಲ್ಲೂಕಿನ ಹಾಲು ಉತ್ಪಾದಕರ ಸಂಘವೊಂದಕ್ಕೆ, ದಿನದ ಹಾಲಿನ ಲೆಕ್ಕವನ್ನು ಇಮೇಲ್ ಮಾಡುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಕಾರ್ಯದರ್ಶಿಯವರು ದಿನವೂ ವಿಳಾಸ ಟೈಪ್ ಮಾಡದೆ ಔಟ್‌ಲುಕ್‌ನ ವಿಳಾಸ ಪುಸ್ತಕದಿಂದಲೇ ಆರಿಸಿಕೊಳ್ಳಲೆಂದು, ಮ್ಯಾಪಿ32 ಡಿಎಲ್ಎಲ್ ಅನ್ನು (ಇಮೇಲ್ ಕೆಲಸಗಳಿಗಾಗಿ ವಿಂಡೋಸ್‌ನಲ್ಲಿರುವ ಲೈಬ್ರರಿ) ಲೋಡ್ ಮಾಡಿ, ಅದರಿಂದ ವಿಳಾಸ ಪುಸ್ತಕ ತೆರೆಯುವ ಮ್ಯಾಪಿಅಡ್ರೆಸ್ ಫಂಕ್ಷನ್ನಿನ ಪಾಯಿಂಟರ್ (ಮೆಮೊರಿಯಲ್ಲಿ ಅದು ಇರುವ ಜಾಗ) ಪಡೆದು ಕರೆಯುತ್ತಿದ್ದೇನೆ. ಕಿಟಕಿ ತೆರೆಯುತ್ತದೆ, ಹೆಸರುಗಳೂ ಕಾಣಿಸುತ್ತವೆ. ಆದರೆ ಹೆಸರು ಆರಿಸಿ ಓಕೆ ಒತ್ತಿದ ಕೂಡಲೇ ಪ್ರೋಗ್ರಾಮ್ ಕ್ರ್ಯಾಶ್ ಆಗುತ್ತದೆ. ಪ್ರೋಗ್ರಾಮ್ ಮತ್ತು ಔಟ್‌ಲುಕ್ ಎರಡೂ 32 ಬಿಟ್‌ನವು. ಪಾಯಿಂಟರಿನ ಟೈಪನ್ನು ನಾನೇ ಡಿಕ್ಲೇರ್ ಮಾಡಿಕೊಂಡಿದ್ದೇನೆ. ತಪ್ಪು ಎಲ್ಲಿರಬಹುದು?

ಉತ್ತರ 1 (ಮೈಸೂರು):
ನಿಮ್ಮ ಕೊನೆಯ ಮಾತಿನಲ್ಲೇ ಕಾರಣವಿದೆ ಎಂದು ತೋರುತ್ತದೆ. ಮ್ಯಾಪಿ ಫಂಕ್ಷನ್‌ಗಳು ಎಸ್‌ಟಿಡಿಕಾಲ್ ಪದ್ಧತಿಯವು, ಅಂದರೆ ಸ್ಟ್ಯಾಕ್ (ಫಂಕ್ಷನ್ ಕರೆಗಳಿಗೆ ಬಳಸುವ ತಾತ್ಕಾಲಿಕ ಮೆಮೊರಿ) ಮೇಲೆ ನಾವಿಟ್ಟ ಆರ್ಗ್ಯುಮೆಂಟ್‌ಗಳನ್ನು ಅವೇ ತೆಗೆದು ಹಿಂದಿರುಗುತ್ತವೆ. ಡಿಕ್ಲರೇಷನ್ನಿನಲ್ಲಿ ಏನನ್ನೂ ಹೇಳದಿದ್ದರೆ ಕಂಪೈಲರ್ ಅದನ್ನು ಸಿಡೆಕ್ಲ್ (ಕರೆದವರೇ ಆರ್ಗ್ಯುಮೆಂಟ್ ತೆಗೆಯುವ ಪದ್ಧತಿ) ಎಂದು ತಿಳಿದು, ತಾನೂ ಇನ್ನೊಮ್ಮೆ ತೆಗೆಯುತ್ತದೆ. ಮ್ಯಾಪಿಅಡ್ರೆಸ್‌ಗೆ 11 ಆರ್ಗ್ಯುಮೆಂಟ್‌ಗಳಿವೆ. ಒಂದೊಂದಕ್ಕೆ 4 ಬೈಟ್‌ನಂತೆ ಸ್ಟ್ಯಾಕ್ 44 ಬೈಟ್ ಸರಿದುಹೋಗುತ್ತದೆ. ಹೀಗಾಗಿಯೇ ಕಿಟಕಿ ಸರಿಯಾಗಿ ತೆರೆದು, ಹಿಂದಿರುಗುವಾಗ ಮಾತ್ರ ಎಲ್ಲವೂ ಕೆಡುತ್ತದೆ. ಮ್ಯಾಪಿ ಹೆಡರ್ ಫೈಲಿನಲ್ಲಿ ಎಲ್‌ಪಿಮ್ಯಾಪಿಅಡ್ರೆಸ್ ಎಂಬ ಟೈಪ್ ಸಿದ್ಧವಾಗಿಯೇ ಇದೆ. ದಯವಿಟ್ಟು ಅದನ್ನೇ ಬಳಸಿ.

ಉತ್ತರ 2 (ಶ್ರೀರಂಗಪಟ್ಟಣ):
ಮೇಲಿನವರು ಹೇಳಿದ್ದು ಸರಿ. ಇದರ ಜೊತೆಗೆ, ಆರಿಸಿದ ಹೆಸರುಗಳ ಪಟ್ಟಿ ಔಟ್‌ಲುಕ್ ಕೊಟ್ಟ ಮೆಮೊರಿಯಲ್ಲಿರುವುದರಿಂದ ಅದನ್ನು ಬಿಡುಗಡೆ ಮಾಡಲು ಸಿ ಭಾಷೆಯ ಫ್ರೀ ಫಂಕ್ಷನ್ ಬಳಸಲೇಬಾರದು. ಬೇಕಾದ ವಿಳಾಸಗಳನ್ನು ನಿಮ್ಮ ಬಫರಿಗೆ ನಕಲು ಮಾಡಿಕೊಂಡ ಮೇಲೆ, ಇಡೀ ಪಟ್ಟಿಗೆ ಒಂದೇ ಬಾರಿ ಮ್ಯಾಪಿಫ್ರೀಬಫರ್ ಕರೆಯಬೇಕು. ಬಳಕೆದಾರರು ಕ್ಯಾನ್ಸಲ್ ಒತ್ತಿದರೆ ಫಂಕ್ಷನ್ 1 ಹಿಂದಿರುಗಿಸುತ್ತದೆ. ಅದನ್ನು ದೋಷವೆಂದು ತೋರಿಸಿ ಕಾರ್ಯದರ್ಶಿಯವರನ್ನು ಗಾಬರಿಗೊಳಿಸಬೇಡಿ.

ಪ್ರಶ್ನೆ ಕೇಳಿದವರು:
ಟೈಪ್ ಬದಲಿಸಿದೆ, ಕ್ರ್ಯಾಶ್ ನಿಂತಿತು, ಇಬ್ಬರಿಗೂ ಧನ್ಯವಾದಗಳು. ಆದರೆ ಕನ್ನಡದಲ್ಲಿ ಬರೆದಿಟ್ಟ ಹೆಸರುಗಳು ಮಾತ್ರ ನನ್ನ ಪ್ರೋಗ್ರಾಮಿನಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತಿವೆ.

ಉತ್ತರ 2:
ಈ ಫಂಕ್ಷನ್ ಹೆಸರುಗಳನ್ನು ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತವಿರುವ ಪದ್ಧತಿ) ಕೊಡುವುದಿಲ್ಲ, ಹಳೆಯ ಆನ್ಸಿ ಅಕ್ಷರಗಳಲ್ಲಿ ಕೊಡುತ್ತದೆ. ವಿಂಡೋಸ್‌ನಲ್ಲಿ ಕನ್ನಡಕ್ಕೆಂದು ಆನ್ಸಿ ಕೋಡ್‌ಪೇಜ್ (ಅಕ್ಷರಗಳ ಸಂಕೇತ ಪಟ್ಟಿ) ಇಲ್ಲದ ಕಾರಣ ಅಕ್ಷರಗಳು ಅಲ್ಲಿಯೇ ಕಳೆದುಹೋಗುತ್ತವೆ. ನಮ್ಮ ಭಾಷೆಯ ಹೆಸರುಗಳು ಹೀಗಾಗುವುದನ್ನು ಕಂಡಾಗ ನನಗೂ ಬೇಸರವಾಗುತ್ತದೆ. ಸದ್ಯಕ್ಕೆ ಹೆಸರಿನ ಬದಲು ವಿಳಾಸದ ಫೀಲ್ಡನ್ನು, ಅದು ನಲ್ (ಖಾಲಿ ಪಾಯಿಂಟರ್) ಅಲ್ಲವೆಂದು ಪರೀಕ್ಷಿಸಿ, ತೋರಿಸಿ. ಕನ್ನಡ ಹೆಸರುಗಳೇ ಬೇಕೆಂದರೆ ವಿಳಾಸಕ್ಕೆ ಎದುರಾಗಿ ಹೆಸರನ್ನು ಯುಟಿಎಫ್-8 (ಯೂನಿಕೋಡ್‌ನ ಒಂದು ರೂಪ) ಫೈಲೊಂದರಲ್ಲಿ ನೀವೇ ಇಟ್ಟುಕೊಳ್ಳುವುದು ಒಳ್ಳೆಯದು.