ಮುಂಬೈಯಲ್ಲಿ ಏಳು ರಾತ್ರಿ: ಡೊಂಬಿವಲಿಯ ಪುಕ್ಕಟೆ ಮನೆಯೋ, ಮಾಟುಂಗಾದ ಬಾಡಿಗೆ ಕೋಣೆಯೋ?

ಕುಮಟಾದ ಅಂಗಡಿಯವ

ಜನವರಿ ಎರಡನೆಯ ವಾರ ಅಂಗಡಿಗೆ ಬೀಗ ಹಾಕಿ ಮುಂಬೈಗೆ ಹೊರಟಿದ್ದೇನೆ. ನನ್ನದು ಪಟ್ಟಿ, ಪೆನ್ನು, ಕಂಪಾಸು ಮಾರುವ ಸಣ್ಣ ಅಂಗಡಿ. ಕೊರೋನಾ ಕಾಲವನ್ನು ಬಿಟ್ಟರೆ ಹದಿನಾರು ವರ್ಷಗಳಲ್ಲಿ ಇಡೀ ವಾರ ಮುಚ್ಚುತ್ತಿರುವುದು ಇದೇ ಮೊದಲು.

ಹೋಗುವವರು ಮೂವರು: ನಾನು, ಹೆಂಡತಿ, ಅಮ್ಮ. ಅಮ್ಮನಿಗೆ 71 ವರ್ಷ, ಎಡ ಮೊಣಕಾಲು ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಅಜ್ಜ ಮಾಟುಂಗಾದ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರು. ಆರನೆಯ ವಯಸ್ಸಿನಿಂದ ಮದುವೆಯವರೆಗೆ ಅಮ್ಮ ಬೆಳೆದದ್ದೇ ಅಲ್ಲಿ. ಈಗಲೂ "ದಾದರ್ ಟಿ.ಟಿ.ಯ ಹತ್ತಿರ" ಎಂದು ಮಾತು ಶುರು ಮಾಡಿದರೆ ಅರ್ಧ ಗಂಟೆ ನಿಲ್ಲಿಸುವುದಿಲ್ಲ. ಟಿ.ಟಿ. ಎಂದರೆ ಏನೆಂದು ಕೇಳಿದರೆ ಮಾತ್ರ "ಟಿ.ಟಿ. ಅಂದರೆ ಟಿ.ಟಿ." ಎನ್ನುತ್ತಾಳೆ.

ನೋಡಬೇಕಾದವು: ಗೇಟ್‌ವೇ, ಎಲಿಫೆಂಟಾ, ಸಿದ್ಧಿವಿನಾಯಕ, ರಾಣಿಬಾಗಿನ ಮೃಗಾಲಯ. ಬೋರಿವಲಿಯಲ್ಲಿರುವ ಹೆಂಡತಿಯ ಚಿಕ್ಕಮ್ಮನ ಮನೆಗೆ ಒಂದು ದಿನ. ನನಗೆ ಅಬ್ದುಲ್ ರೆಹಮಾನ್ ಸ್ಟ್ರೀಟಿನ ಸ್ಟೇಷನರಿ ಸಗಟು ಅಂಗಡಿಗಳಲ್ಲಿ ಒಂದು ದಿನ. ಅಮ್ಮನಿಗೆ ಮಾಟುಂಗಾ, ಎಷ್ಟು ದಿನವೋ ಅವಳೇ ಹೇಳಬೇಕು.

ಉಳಿಯಲು ಕಣ್ಣ ಮುಂದೆ ನಾಲ್ಕು ಜಾಗಗಳಿವೆ. ಡೊಂಬಿವಲಿಯಲ್ಲಿ ನನ್ನ ಭಾವನ ಎರಡು ಕೋಣೆಗಳ ಮನೆ ಖಾಲಿ ಬಿದ್ದಿದೆ, ಅವನು ದುಬೈಯಲ್ಲಿದ್ದಾನೆ, ಕೀಲಿಕೈಯನ್ನು ಆಗಲೇ ಕಳಿಸಿಕೊಟ್ಟಿದ್ದಾನೆ, ಕಾಸು ಬೇಡ. ಅಂಧೇರಿ ಪೂರ್ವದ ಮರೋಳದಲ್ಲಿ ದಿನಕ್ಕೆ 2,800 ರೂಪಾಯಿಯ ಹೋಟೆಲು, ಫೋಟೊದಲ್ಲಿ ಬಹಳ ಚೆನ್ನಾಗಿದೆ. ಮಾಟುಂಗಾದ ಲಾಡ್ಜು 3,400, ಫೋಟೊದಲ್ಲೂ ಸುಮಾರಾಗಿದೆ. ದಕ್ಷಿಣ ಮುಂಬೈಯ ಫೋರ್ಟಿನಲ್ಲಿ ಆರು ಸಾವಿರಕ್ಕೆ ಕಡಿಮೆ ಸಿಗಲಿಲ್ಲ. ಪುಕ್ಕಟೆ ಮನೆ ಇರುವಾಗ ಇಪ್ಪತ್ತು ಸಾವಿರ ಖರ್ಚು ಮಾಡುವುದು ದುಂದು ಎಂದು ನನ್ನೊಳಗಿನ ವ್ಯಾಪಾರಿ ಹೇಳುತ್ತಿದ್ದಾನೆ. ಹೆಂಡತಿ ಏನೂ ಹೇಳುತ್ತಿಲ್ಲ, ಅದೇ ಭಯ.

ಡೊಂಬಿವಲಿಯ ಸೊಸೆ

ನಾನು ಧಾರವಾಡದವಳು, ಡೊಂಬಿವಲಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ನನ್ನ ಊರನ್ನು ಯಾರಾದರೂ ಹಳಿದರೆ ಜಗಳಕ್ಕೆ ನಿಲ್ಲುತ್ತೇನೆ. ಒಳ್ಳೆಯ ತರಕಾರಿ, ಒಳ್ಳೆಯ ನಾಟಕ, ಒಳ್ಳೆಯ ಜನ. ಆದರೂ ನೀವು ಇಲ್ಲಿ ಉಳಿಯಬೇಡಿ.

ಸಿಎಸ್‌ಎಂಟಿಯಿಂದ, ಅಂದರೆ ಫೋರ್ಟಿನ ಹಳೆಯ ವಿ.ಟಿ. ನಿಲ್ದಾಣದಿಂದ, ಡೊಂಬಿವಲಿ ಸುಮಾರು 48 ಕಿಲೋಮೀಟರ್. ಫಾಸ್ಟ್ ಲೋಕಲಿನಲ್ಲಿ ಒಂದು ಗಂಟೆ ದಾಟುತ್ತದೆ. ಆ ಒಂದು ಗಂಟೆಯನ್ನು ಹೇಗೆ ಕಳೆಯುತ್ತೀರಿ ಎನ್ನುವುದೇ ಪ್ರಶ್ನೆ. ಬೆಳಿಗ್ಗೆ ನಾನು ಹತ್ತುವ ಗಾಡಿಯ ಮಹಿಳಾ ಡಬ್ಬಿಯಲ್ಲಿ ಯಾರು ಎಲ್ಲಿ ಇಳಿಯುತ್ತಾರೆ, ಅವರ ಸೀಟು ಯಾರಿಗೆ ಎಂಬುದು ನಮ್ಮ ನಮ್ಮಲ್ಲಿ ಮೊದಲೇ ನಿಶ್ಚಯವಾಗಿರುತ್ತದೆ. ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯವಳಾಗಿ ಅರ್ಧ ತೊಡೆ ಊರುವುದಕ್ಕೂ ಸರದಿ ಇದೆ. ನಿಮ್ಮ ಅಮ್ಮ ಒಳಗೆ ಬಂದರೆ ಎದ್ದು ಜಾಗ ಕೊಡುತ್ತೇವೆ, ಅಷ್ಟು ಕಟುಕರಲ್ಲ. ಒಳಗೆ ಬರುವುದೇ ಕಷ್ಟ.

ಇನ್ನೊಂದು ಮಾತು. ಸೊಸೈಟಿಯ ಕಾರ್ಯದರ್ಶಿಗೆ ನಿಮ್ಮ ಭಾವ ಪತ್ರ ಕೊಟ್ಟಿದ್ದಾರೆಯೇ? ಮಾಲೀಕರಿಲ್ಲದ ಮನೆಗೆ ಮೂವರು ಚೀಲ ಹಿಡಿದು ಬಂದರೆ ವಾಚ್‌ಮನ್ ಬಿಡುವುದಿಲ್ಲ. ಬಿಟ್ಟರೂ ಮುಚ್ಚಿಟ್ಟ ಮನೆಯಲ್ಲಿ ಮೊದಲ ದಿನ ಧೂಳು ಹೊಡೆಯುವುದು, ಗ್ಯಾಸು ಹುಡುಕುವುದು, ನೀರು ಯಾವಾಗ ಬರುತ್ತದೆ ಎಂದು ಪಕ್ಕದ ಮನೆಯವರನ್ನು ಕೇಳುವುದು. ಆ ಕೆಲಸ ಯಾರ ಪಾಲಿಗೆ ಬರುತ್ತದೆ ಎಂದು ನಿಮ್ಮ ಹೆಂಡತಿಗೆ ಗೊತ್ತಿದೆ, ಅದಕ್ಕೇ ಅವರು ಸುಮ್ಮನಿದ್ದಾರೆ.

ಮೊದಲು ಪರೇಲ್, ಈಗ ಬ್ರಹ್ಮಾವರ

ಮೂವತ್ತೊಂದು ವರ್ಷ ಫೋರ್ಟಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಮೊದಲು ಪರೇಲಿನ ಚಾಳಿನಲ್ಲಿ, ಆಮೇಲೆ ಮುಲುಂಡಿನಲ್ಲಿ ಮನೆ. ಊರಿಂದ ಬರುವವರೆಲ್ಲ ನಿಮ್ಮಂತೆಯೇ ಬಾಡಿಗೆ ಎಷ್ಟು, ದೂರ ಎಷ್ಟು ಎಂದು ಕೇಳುತ್ತಿದ್ದರು. ಜನ ಯಾವ ದಿಕ್ಕಿಗೆ ಹರಿಯುತ್ತಾರೆ ಎಂದು ಯಾರೂ ಕೇಳಲಿಲ್ಲ.

ಮುಂಬೈ ಉತ್ತರ ದಕ್ಷಿಣವಾಗಿ ಚಾಚಿದ ಪಟ್ಟಿ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಜನ ದಕ್ಷಿಣಕ್ಕೆ ಇಳಿಯುತ್ತಾರೆ, ಸಂಜೆ ಐದೂವರೆಯಿಂದ ಒಂಬತ್ತರವರೆಗೆ ಉತ್ತರಕ್ಕೆ ಏರುತ್ತಾರೆ. ಉತ್ತರದಲ್ಲಿ ಉಳಿದು ದಕ್ಷಿಣ ನೋಡಲು ಹೊರಡುವ ಪ್ರವಾಸಿ ಎರಡು ಹೊತ್ತೂ ಪ್ರವಾಹದಲ್ಲೇ ಸಿಕ್ಕಿಕೊಳ್ಳುತ್ತಾನೆ. ಫೋರ್ಟಿನಲ್ಲಿ ಉಳಿದವನು ಬೆಳಿಗ್ಗೆ ಖಾಲಿ ಗಾಡಿಯಲ್ಲಿ ಕಿಟಕಿ ಪಕ್ಕ ಕೂತು ಬೋರಿವಲಿಗೆ ಹೋಗುತ್ತಾನೆ. ಆರು ಸಾವಿರ ಕೇಳುತ್ತಿರುವುದು ಹಾಸಿಗೆಗೆ ಮಾತ್ರ ಎಂದುಕೊಳ್ಳಬೇಡಿ, ಆ ಕಿಟಕಿಗೂ ಸೇರಿ.

ಆದರೂ ನಿಮಗೆ ಮಾಟುಂಗಾ ಎನ್ನುತ್ತೇನೆ. ಅಲ್ಲಿ ಮೂರು ಮಾರ್ಗಗಳ ನಿಲ್ದಾಣಗಳು ಕಾಲಳತೆಯಲ್ಲಿವೆ: ಸೆಂಟ್ರಲಿನ ಮಾಟುಂಗಾ, ವೆಸ್ಟರ್ನಿನ ಮಾಟುಂಗಾ ರೋಡ್, ಹಾರ್ಬರಿನ ಕಿಂಗ್ಸ್ ಸರ್ಕಲ್. ಮಾಟುಂಗಾದಲ್ಲಿ ಸ್ಲೋ ಗಾಡಿಗಳು ಮಾತ್ರ ನಿಲ್ಲುತ್ತವೆ, ನಿಮಗೆ ಅದೇ ಬೇಕಾದದ್ದು. ಬೆಳಿಗ್ಗೆ ನುಗ್ಗಬೇಡಿ. ಎದ್ದು, ಸ್ನಾನ ಮಾಡಿ, ರಾಮಾಶ್ರಯದಲ್ಲಿ ಇಡ್ಲಿ ತಿಂದು, ಹೂವಿನ ಅಂಗಡಿಗಳ ಮುಂದೆ ಅಮ್ಮನನ್ನು ನಿಧಾನವಾಗಿ ನಡೆಸಿಕೊಂಡು ಹೋಗಿ, ಹನ್ನೊಂದರ ಮೇಲೆ ಸ್ಲೋ ಹಿಡಿಯಿರಿ. ಸಂಜೆ ನಾಲ್ಕೂವರೆಗೆ ಸಿಎಸ್‌ಎಂಟಿಯಿಂದ ವಾಪಸ್ ಹತ್ತಿ. ಗಾಡಿ ಅಲ್ಲಿಂದಲೇ ಹೊರಡುವುದರಿಂದ ಸೀಟು ಸಿಗುತ್ತದೆ. ತಡವಾದರೆ ಒಂಬತ್ತರವರೆಗೆ ಎಲ್ಲಾದರೂ ಊಟ ಮಾಡಿಕೊಂಡು ಕೂತಿರಿ. ಕಾಲು ಕೈ ಕೊಟ್ಟ ದಿನ ಕಪ್ಪು-ಹಳದಿ ಟ್ಯಾಕ್ಸಿ. ಫೋರ್ಟಿನಿಂದ ಮಾಟುಂಗಾಕ್ಕೆ ಟ್ಯಾಕ್ಸಿಯಲ್ಲಿ ಬರಬಹುದು. ಡೊಂಬಿವಲಿಗೆ ಟ್ಯಾಕ್ಸಿ ಮಾಡಿದಿರೋ, ಭಾವನ ಪುಕ್ಕಟೆ ಮನೆಯ ಬಾಡಿಗೆ ಆ ಒಂದೇ ರಾತ್ರಿಯಲ್ಲಿ ವಸೂಲಾಗುತ್ತದೆ.

ಊಟದ ಮಾತನ್ನು ನಾನು ಹೇಳಬೇಕಿಲ್ಲ. ನಿಲ್ದಾಣದ ಬಳಿ ರಾಮ ನಾಯಕರ ಬೋರ್ಡಿಂಗ್ 1942ರಿಂದ ಇದೆ, ಬಾಳೆಯೆಲೆ ಊಟ, ಆದರೆ ಮೆಟ್ಟಿಲು ಹತ್ತಬೇಕು. ಅಮ್ಮನ ಮೊಣಕಾಲನ್ನು ಮೊದಲು ಕೇಳಿಕೊಳ್ಳಿ. ಏಳು ದಿನ ಹೊರಗೆ ತಿನ್ನುವಾಗ ಮೂರನೆಯ ದಿನಕ್ಕೆ ನಾಲಿಗೆ ಸಾರು ಕೇಳುತ್ತದೆ. ಅದು ಹತ್ತಿರದಲ್ಲೇ ಸಿಗಬೇಕು.

ಲಾಡ್ಜಿಗೆ ಫೋನು ಮಾಡಿ ಇವನ್ನು ಕೇಳಿ. ಲಿಫ್ಟ್ ಇದೆಯೇ, ಅದು ನೆಲಮಹಡಿಯಿಂದಲೇ ಹೊರಡುತ್ತದೆಯೇ? ಹಳೆಯ ಕಟ್ಟಡಗಳಲ್ಲಿ ಲಿಫ್ಟಿಗೆ ಮೊದಲೇ ಎಂಟು ಮೆಟ್ಟಿಲು ಇರುತ್ತವೆ. ಬಾಡಿಗೆ 24 ಗಂಟೆಯ ಲೆಕ್ಕವೋ, ಮಧ್ಯಾಹ್ನ ಹನ್ನೆರಡರ ಲೆಕ್ಕವೋ? ಮತ್ಸ್ಯಗಂಧ ರೈಲು ನಿಮ್ಮನ್ನು ಬೆಳಬೆಳಗ್ಗೆ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಲ್ಲಿ ಇಳಿಸುತ್ತದೆ, ಹನ್ನೆರಡರವರೆಗೆ ಅಮ್ಮನನ್ನು ಸೋಫಾದ ಮೇಲೆ ಕೂರಿಸಲಾಗದು. ರಸ್ತೆಯ ಕಡೆಯ ಕೋಣೆ ಬೇಡ, ಹಿಂದಿನದು ಕೇಳಿ. ಟರ್ಮಿನಸ್ಸಿನಿಂದ ಟ್ಯಾಕ್ಸಿಯನ್ನೇ ಮಾಡಿ. ಆಟೋಗಳು ಸಯನ್ ದಾಟಿ ದಕ್ಷಿಣಕ್ಕೆ ಬರುವಂತಿಲ್ಲ, ಮಾಟುಂಗಾ ಅದರಾಚೆ ಇದೆ. ಅರ್ಧ ದಾರಿಯಲ್ಲಿ ಇಳಿಸಿ, ಚೀಲ ಸಮೇತ ಮತ್ತೊಂದು ಗಾಡಿ ಹುಡುಕುವ ಪಾಡು ನನ್ನ ಸೋದರಮಾವನಿಗೆ ಬಂದಿತ್ತು. ಆ ಬೈಗುಳ ನನಗಿನ್ನೂ ನೆನಪಿದೆ.

ದಿನಗಳ ಲೆಕ್ಕ: ಸೋಮವಾರ ಎಲಿಫೆಂಟಾ ಗುಹೆಗಳಿಗೆ ರಜೆ, ಬುಧವಾರ ರಾಣಿಬಾಗಿಗೆ ರಜೆ. ಮಂಗಳವಾರ ಸಿದ್ಧಿವಿನಾಯಕನಿಗೆ ರಜೆಯಿಲ್ಲ, ಅದೇ ತೊಂದರೆ, ಸಾಲು ರಸ್ತೆಗೆ ಬರುತ್ತದೆ. ಭಾನುವಾರ ಸಗಟು ಅಂಗಡಿಗಳು ಮುಚ್ಚಿರುತ್ತವೆ, ಹಳಿ ದುರಸ್ತಿಗೆಂದು ಲೋಕಲ್ ಗಾಡಿಗಳನ್ನು ನಿಲ್ಲಿಸುವ ಮೆಗಾ ಬ್ಲಾಕ್ ಇರುತ್ತದೆ. ಬೋರಿವಲಿಯ ಚಿಕ್ಕಮ್ಮ "ಭಾನುವಾರವೇ ಬನ್ನಿ" ಎನ್ನುತ್ತಾರೆ, ವಾರದ ದಿನವೇ ಹೋಗಿ. ಜನವರಿಯ ಮೂರನೆಯ ಭಾನುವಾರ ಮ್ಯಾರಥಾನ್ ಓಟವೂ ಇರುತ್ತದೆ, ಆ ಬೆಳಿಗ್ಗೆ ದಕ್ಷಿಣದ ರಸ್ತೆಗಳ ಹತ್ತಿರ ಸುಳಿಯಬೇಡಿ.

ಟಿ.ಟಿ. ಎಂದರೆ ಟ್ರಾಮ್ ಟರ್ಮಿನಸ್. ಟ್ರಾಮು 1964ರಲ್ಲೇ ನಿಂತಿತು. ನಿಮ್ಮ ತಾಯಿ ಹುಡುಗಿಯಾಗಿದ್ದಾಗ ಹತ್ತಿರಲೂಬಹುದು, ಕೇಳಿ ನೋಡಿ.

ಮರೋಳ ನಾಕಾ

ಹಿರಿಯರ ಲೆಕ್ಕ ಸರಿ, ಆದರೆ 2025ರ ಅಕ್ಟೋಬರ್‌ವರೆಗೆ ಸರಿ. ಈಗ ಆರೆಯಿಂದ ಕಫ್ ಪರೇಡ್‌ವರೆಗೆ ಮೂರನೆಯ ಮೆಟ್ರೊ ಮಾರ್ಗ ಪೂರ್ತಿಯಾಗಿದೆ, 33.5 ಕಿಲೋಮೀಟರ್, 27 ನಿಲ್ದಾಣ, ಹೆಚ್ಚುಕಡಿಮೆ ಎಲ್ಲವೂ ನೆಲದಡಿಯಲ್ಲಿ. ಮರೋಳ ನಾಕಾದಲ್ಲಿ ಹತ್ತಿದರೆ ಒಂದು ಗಂಟೆಯೊಳಗೆ ಹುತಾತ್ಮಾ ಚೌಕ, ಅಂದರೆ ಫೋರ್ಟಿನ ನಡುಮಧ್ಯ. ನಡುವೆ ಸಿದ್ಧಿವಿನಾಯಕ ಎಂಬ ಹೆಸರಿನ ನಿಲ್ದಾಣವೇ ಇದೆ. ಎಲ್ಲ ಕಡೆ ಲಿಫ್ಟು, ಎಸ್ಕಲೇಟರು. ಮೊಣಕಾಲು ನೋವಿನವರಿಗೆ ಲೋಕಲ್ ನಿಲ್ದಾಣದ ಪಾದಚಾರಿ ಸೇತುವೆ ಹತ್ತಿಸುವುದಕ್ಕಿಂತ ಇದು ಎಷ್ಟೋ ಮೇಲು. 2,800ರ ಹೋಟೆಲು ಕೆಟ್ಟ ಆಯ್ಕೆಯಲ್ಲ.

ಮೊದಲು ಪರೇಲ್, ಈಗ ಬ್ರಹ್ಮಾವರ

ಒಪ್ಪಿದೆ. ನಾನು ಬಿಟ್ಟುಬಂದ ಊರಿನಲ್ಲಿ ಆ ಸುರಂಗ ಇರಲಿಲ್ಲ. ಜೊತೆಗೆ ಕುಟುಂಬವಿಲ್ಲದ, ಸಂಜೆ ಕೋಣೆಗೆ ಬಂದು ಮಲಗುವ ಪ್ರವಾಸಿಗೆ ಮರೋಳ ಸಾಕು. ಆದರೆ ಸಂಜೆ ಆರಕ್ಕೆ ಆ ಹೋಟೆಲಿನಿಂದ ಹೊರಗೆ ಬಂದು ಅಮ್ಮ ಎಲ್ಲಿಗೆ ಹೋಗಬೇಕು? ಎದುರಿಗೆ ಗಾಜಿನ ಕಟ್ಟಡ, ಪಕ್ಕದಲ್ಲಿ ಗಾಜಿನ ಕಟ್ಟಡ. ಮಾಟುಂಗಾದಲ್ಲಾದರೆ ನೀವು ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಪೆನ್ಸಿಲ್ ಚೌಕಾಸಿ ಮಾಡುವ ದಿನವೂ ಅವರು ತಾವೇ ನಡೆದು ಆಸ್ತಿಕ ಸಮಾಜದ ದೇವಸ್ಥಾನಕ್ಕೆ ಹೋಗಿ ಬರಬಹುದು. ದಾದರಿನಲ್ಲೂ ಮೆಟ್ರೊ ನಿಲ್ದಾಣವಿದೆಯಲ್ಲ, ಅಲ್ಲಿಯವರೆಗೆ ಟ್ಯಾಕ್ಸಿ ಮಾಡಿದರಾಯಿತು.

ವಾಶಿ ವಾಸಿ

ಇಬ್ಬರ ಜಗಳದ ನಡುವೆ ಒಂದು ಸಲಹೆ: ನಾಲ್ಕು ರಾತ್ರಿ ಮಾಟುಂಗಾ, ಮೂರು ರಾತ್ರಿ ಅಂಧೇರಿ. ಬೋರಿವಲಿಯೂ ಹತ್ತಿರವಾಗುತ್ತದೆ.

ಡೊಂಬಿವಲಿಯ ಸೊಸೆ

ಬೇಡ ಸರ್. ಚೀಲ ಕಟ್ಟುವುದು ಬಿಚ್ಚುವುದು ಯಾರ ಕೆಲಸ ಎಂದು ಮತ್ತೆ ನಾನೇ ಹೇಳಬೇಕೇ?

ಕುಮಟಾದ ಅಂಗಡಿಯವ

ಮೊನ್ನೆ ಬಂದೆವು. ಸಲಹೆ ಕೊಟ್ಟವರಿಗೆ ವರದಿ ಒಪ್ಪಿಸುವುದು ಬಾಕಿಯಿತ್ತು.

ಮಾಟುಂಗಾದಲ್ಲೇ ಉಳಿದೆವು, ಏಳೂ ರಾತ್ರಿ. ಲಿಫ್ಟ್ ನೆಲಮಹಡಿಯಿಂದ ಹೊರಡುತ್ತದೆಯೇ ಎಂದು ಕೇಳಿದ್ದೆ, ಹೌದು ಎಂದಿದ್ದರು. ಹೊರಡುತ್ತದೆ, ನಿಜ. ಆದರೆ ಎರಡನೆಯ ಮಹಡಿಯಲ್ಲಿ ನಿಲ್ಲುವುದಿಲ್ಲ. ಮೂರನೆಯದಕ್ಕೆ ಹೋಗಿ ಇಳಿದು ಬರಬೇಕು. ಅಮ್ಮ "ಇಳಿಯುವುದಕ್ಕೆ ನನ್ನ ಅಡ್ಡಿಯಿಲ್ಲ" ಎಂದಳು. ಬಿಸಿನೀರು ಒಂಬತ್ತು ಗಂಟೆಯವರೆಗೆ ಮಾತ್ರ. ಹನ್ನೊಂದರ ಮೇಲೆ ಹೊರಡಿ ಎಂದಿರಿ, ನೀರು ನಮ್ಮನ್ನು ಆರಕ್ಕೇ ಎಬ್ಬಿಸುತ್ತಿತ್ತು.

ಮೂರನೆಯ ದಿನ ಹಟ ಮಾಡಿ ಒಂಬತ್ತೂಕಾಲಿಗೆ ನಿಲ್ದಾಣಕ್ಕೆ ಹೋದೆ, ಒಬ್ಬನೇ, ಸಗಟು ಪೇಟೆಗೆ ಬೇಗ ಹೋಗೋಣ ಎಂದು. ನಾಲ್ಕು ಗಾಡಿ ಬಿಟ್ಟೆ. ಐದನೆಯದು ನನ್ನನ್ನು ಕೇಳದೆಯೇ ಒಳಗೆಳೆದುಕೊಂಡಿತು. ದಿಕ್ಕು ಎಂದರೇನು ಎಂದು ಪಕ್ಕೆಲುಬಿಗೆ ಅರ್ಥವಾಯಿತು. ಪೇಟೆ ತಲುಪಿದರೆ ಅರ್ಧ ಅಂಗಡಿಗಳು ಇನ್ನೂ ಬಾಗಿಲು ತೆಗೆಯುತ್ತಿದ್ದವು.

ಸಿದ್ಧಿವಿನಾಯಕಕ್ಕೆ ಗುರುವಾರ ದಾದರಿನಿಂದ ಮೆಟ್ರೊದಲ್ಲಿ ಹೋದೆವು. ಮರೋಳದವರಿಗೆ ಅಮ್ಮನ ನಮಸ್ಕಾರ: ಎಸ್ಕಲೇಟರಿನಲ್ಲಿ ಎರಡು ಸಲ ಸುಮ್ಮನೆ ಹತ್ತಿಳಿದಳು. ಎಲಿಫೆಂಟಾದಲ್ಲಿ ಮಾತ್ರ ದೋಣಿ ಇಳಿದು ಮೆಟ್ಟಿಲ ಸಾಲು ನೋಡಿ ಕೆಳಗೇ ಕೂತಳು. ಡೋಲಿ ಇದೆ ಎಂದರೆ, "ನನ್ನನ್ನು ನಾಲ್ಕು ಜನ ಹೊರುವುದಕ್ಕೆ ಇನ್ನೂ ಸಮಯವಿದೆ" ಎಂದಳು. ನಾವಿಬ್ಬರೇ ತ್ರಿಮೂರ್ತಿಯನ್ನು ನೋಡಿ ಬಂದೆವು.

ಅಜ್ಜನ ಚಾಳು ಇಲ್ಲ, ಆ ಜಾಗದಲ್ಲಿ ದೊಡ್ಡ ಕಟ್ಟಡ ಎದ್ದಿದೆ. ಅಮ್ಮ ಅದರ ಎದುರು ಹೆಚ್ಚು ಹೊತ್ತು ನಿಲ್ಲಲಿಲ್ಲ. ಹೂವಿನ ಅಂಗಡಿಯವನ ಹತ್ತಿರ ಮರಾಠಿಯಲ್ಲಿ ಮೊಳಕ್ಕೆ ಎಷ್ಟು ಎಂದು ಚೌಕಾಸಿಗೆ ಇಳಿದಳು. ಅವಳಿಗೆ ಮರಾಠಿ ಅಷ್ಟು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಟ್ರಾಮು ಹತ್ತಿದ್ದಳಂತೆ, ಟಿಕೆಟ್ಟು ಎಷ್ಟೆಂದು ಮರೆತಿದ್ದಾಳೆ.

ಬಾಡಿಗೆ 23,800 ಆಯಿತು. ಹೆಂಡತಿ ಈಗ ಮಾತಾಡುತ್ತಿದ್ದಾಳೆ. ಡೊಂಬಿವಲಿಯ ಕೀಲಿಕೈ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲೇ ಇದೆ, ದುಬೈಗೆ ಕೊರಿಯರಿಗೆ ಎಷ್ಟಾಗುತ್ತದೆ ಎಂದು ವಿಚಾರಿಸಬೇಕು.